ವೈಶಾಲಿ ಕಾಸರವಳ್ಳಿಯವರನ್ನು ನಿರ್ದೇಶಕಿಯಾಗಿ ನಾವು ಓದಿದ್ದೇವೆಯೇ?

ಸಪ್ತಾಪುರದ ಮಾಸ್ತರ, ಧಾರವಾಡ

ವೈಶಾಲಿ ಕಾಸರವಳ್ಳಿಯವರ ಮೇಲೆ ಬಂದ ಬರಹಗಳಲ್ಲಿ ಹೆಚ್ಚಿನವು ಅವರನ್ನು ಗಿರೀಶ ಕಾಸರವಳ್ಳಿಯವರ ಪತ್ನಿ ಎಂದೋ, ‘ಮಾಲ್ಗುಡಿ ಡೇಸ್’ನ ಸ್ವಾಮಿಯ ತಾಯಿ ಎಂದೋ, ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ಎಂದೋ ಪರಿಚಯಿಸುತ್ತವೆ. ಎಲ್ಲವೂ ನಿಜವೇ. ಆದರೆ ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ರಾತ್ರಿಯ ಊಟದ ಹೊತ್ತನ್ನೇ ಹಿಂದೆ ಮುಂದೆ ಮಾಡಿಸಿದ ‘ಮೂಡಲಮನೆ’ ಧಾರಾವಾಹಿಯ ನಿರ್ದೇಶಕಿ ಎಂಬ ಮಾತು ಕೊನೆಯ ಪ್ಯಾರಾದಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ವಿದ್ಯಾರ್ಥಿನಿಯೊಬ್ಬಳು ಬರೆದು ತಂದ ಲೇಖನವೂ ಇದೇ ಜಾಡಿನಲ್ಲಿದೆ. ಅದನ್ನು ತಿದ್ದುವ ಮೊದಲು ಇಲ್ಲಿನ ಬಲ್ಲವರ ಅಭಿಪ್ರಾಯ ಕೇಳೋಣವೆಂದು ಈ ಚರ್ಚೆ ಆರಂಭಿಸಿದ್ದೇನೆ.

ಅವರು 1952ರ ಏಪ್ರಿಲ್ 12ರಂದು ಕಲಬುರಗಿಯಲ್ಲಿ ಹುಟ್ಟಿದರು. ರಂಗಭೂಮಿಯಿಂದ ಸಿನಿಮಾಕ್ಕೆ ಬಂದು ‘ಆಕ್ರಮಣ’ದಂಥ ಚಿತ್ರಗಳಲ್ಲಿ ನಟಿಸಿದರು. ಆಮೇಲೆ ಕ್ಯಾಮೆರಾದ ಹಿಂದೆ ನಿಂತು ‘ಗೂಡಿನಿಂದ ಗಗನಕ್ಕೆ’, ‘ಮೂಡಲಮನೆ’, ‘ಮುತ್ತಿನ ತೋರಣ’ ಧಾರಾವಾಹಿಗಳನ್ನು ನಿರ್ದೇಶಿಸಿದರು. 2010ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 58 ವರ್ಷ.

ನನ್ನ ವಾದ ಇಷ್ಟು. ‘ಮೂಡಲಮನೆ’ಗೆ ಮುಂಚೆ ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಕಥೆಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಮಾತು ಬರುತ್ತಿದ್ದುದು ಬಹುಮಟ್ಟಿಗೆ ನಗಿಸುವ ಆಳಿನ ಬಾಯಲ್ಲಿ, ಇಲ್ಲವೇ ಮೀಸೆ ತಿರುವುವ ಗೌಡನ ಬಾಯಲ್ಲಿ. ಆಸ್ತಿ ಪಾಲು, ಮಗಳ ಮದುವೆ, ಸಾವು, ಸಾಲ, ಅತ್ತೆ ಸೊಸೆಯರ ನಡುವಿನ ಮೌನ, ಇವನ್ನೆಲ್ಲ ಈ ಭಾಗದ ಕನ್ನಡದಲ್ಲಿ ಗಂಭೀರವಾಗಿ, ವಾರದಿಂದ ವಾರಕ್ಕೆ ಹೇಳಬಹುದು ಎಂಬುದನ್ನು ಈಟಿವಿ ಕನ್ನಡದಲ್ಲಿ ಬಂದ ಆ ಕೂಡುಕುಟುಂಬದ ಕಥೆ ತೋರಿಸಿತು. ಹೆಸರು ಕೇಳಿದೊಡನೆ ಬೇಂದ್ರೆಯವರ ‘ಬೆಳಗು’ ಕವಿತೆ ನೆನಪಾಗುವ ನಮ್ಮೂರಿನವರಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಆದರೆ ಇದರಲ್ಲಿ ನಿರ್ದೇಶಕಿಯ ಪಾಲು ಎಷ್ಟು, ಬರಹಗಾರರ ಪಾಲು ಎಷ್ಟು ಎಂದು ಯಾರಾದರೂ ಕೇಳಿದರೆ ನಾವು ಏನನ್ನು ತೋರಿಸಬೇಕು?

ಸೀರೆ ಅಂಗಡಿಯವರು, ಬೆಟಗೇರಿ

ಮಾಸ್ತರರಿಗೆ ನಮಸ್ಕಾರ. ಸಿನಿಮಾ, ಧಾರಾವಾಹಿಗಳ ತಂತ್ರ ನನಗೆ ತಿಳಿಯದು, ಬಟ್ಟೆ ತಿಳಿಯುತ್ತದೆ. ಆದ್ದರಿಂದ ಆ ಬಾಗಿಲಿನಿಂದಲೇ ಒಳಗೆ ಬರುತ್ತೇನೆ.

ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು, ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸುತ್ತಾರೆ. ಟೋಪ ತೆನಿ ಎಂಬ ಮಾದರಿಯ ಆ ಸೆರಗನ್ನು ತಲೆಯ ಮೇಲೆ ಹೊತ್ತರೆ ಅದು ಜಾರಿಯೇ ಜಾರುತ್ತದೆ. ನಮ್ಮ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಲೋ, ಮಾತಾಡುತ್ತಲೋ ಹಿಟ್ಟು ಹತ್ತದ ಮುಂಗೈಯಿಂದ ಅದನ್ನು ಹಣೆಯ ಮೇಲಕ್ಕೆ ತಳ್ಳಿಕೊಳ್ಳುತ್ತಾರೆ. ಹಾಗೆ ಮಾಡುತ್ತಿರುವುದು ಅವರ ಗಮನಕ್ಕೂ ಬರುವುದಿಲ್ಲ. ಮಾವ ಪಡಸಾಲೆಗೆ ಬಂದರೆ ಸೆರಗು ಒಂದು ಬೆರಳು ಮುಂದೆ ಬರುತ್ತದೆ, ತವರಿಗೆ ಹೋದಾಗ ಹೆಗಲಿಗೆ ಇಳಿಯುತ್ತದೆ. ಇಂದಿನ ಧಾರಾವಾಹಿಗಳಲ್ಲಿ ಉತ್ತರ ಕರ್ನಾಟಕದ ಮನೆಯೆಂದು ತೋರಿಸುವಾಗ ಸೀರೆಯನ್ನೇನೋ ನಮ್ಮದೇ ತರುತ್ತಾರೆ, ಗುಳೇದಗುಡ್ಡದ ಖಣದ ಕುಪ್ಪಸವನ್ನೂ ಹೊಲಿಸುತ್ತಾರೆ, ಆದರೆ ಸೆರಗಿಗೆ ಸೇಫ್ಟಿ ಪಿನ್ ಚುಚ್ಚಿ ಕೂಡಿಸಿರುತ್ತಾರೆ. ಅದು ಜಾರುವುದಿಲ್ಲ, ಕೈ ಮೇಲೇಳುವುದಿಲ್ಲ, ಹೆಂಗಸು ಫೋಟೋಕ್ಕೆ ನಿಂತಂತೆ ಕಾಣುತ್ತಾಳೆ.

‘ತಾಯಿ ಸಾಹೇಬ’ ನೋಡಿದವರಿಗೆ ಗೊತ್ತು, ಸ್ವಾತಂತ್ರ್ಯಕ್ಕೆ ಮುಂಚಿನ ದಿನಗಳಿಂದ ನಂತರದ ವರ್ಷಗಳವರೆಗೆ ಹಬ್ಬಿದ ಕಥೆ ಅದು. ಜಯಮಾಲಾ ಅವರು ಮಾಡಿದ ಆ ಮುಖ್ಯ ಪಾತ್ರದ ವಯಸ್ಸು, ಅಂತಸ್ತು, ಒಳಗಿನ ಒಂಟಿತನ ಎಲ್ಲವೂ ಉಟ್ಟ ಬಟ್ಟೆಯಲ್ಲಿ ಬದಲಾಗುತ್ತ ಹೋಗುತ್ತವೆ. ಅದಕ್ಕೆ ಬಂದ ಪ್ರಶಸ್ತಿಯನ್ನು ನಾವು ‘ವಸ್ತ್ರವಿನ್ಯಾಸ’ ಎಂದು ಬೇರೆ ಖಾನೆಯಲ್ಲಿ ಇಡುತ್ತೇವೆ. ನನ್ನ ಮಟ್ಟಿಗೆ ಅದು ನಿರ್ದೇಶನದ ತಯಾರಿಯೇ. ಹೆಣ್ಣೊಬ್ಬಳು ಯಾರ ಮುಂದೆ ಹೇಗೆ ಸೆರಗು ಎಳೆದುಕೊಳ್ಳುತ್ತಾಳೆ ಎಂಬುದನ್ನು ಕಂಡಿಟ್ಟುಕೊಂಡವರಿಗೆ, ಆ ಮನೆಯಲ್ಲಿ ಯಾರು ಯಾರಿಗೆ ಅಂಜುತ್ತಾರೆ ಎಂಬುದನ್ನು ತೋರಿಸಲು ಸಂಭಾಷಣೆ ಬೇಕಾಗುವುದಿಲ್ಲ. ‘ಮೂಡಲಮನೆ’ಯ ಹೆಂಗಸರು ನಮ್ಮ ಅಂಗಡಿಗೆ ಬರುವ ಹೆಂಗಸರಂತೆಯೇ ಕಂಡದ್ದು ನನಗೆ ಈ ಕಾರಣಕ್ಕೆ.

ಮಾಜಿ ಸಹಾಯಕ, ಹಾವೇರಿ

ಬೆಟಗೇರಿಯ ಅಕ್ಕಾವರು ಹೇಳಿದ ಸೇಫ್ಟಿ ಪಿನ್ನಿಗೆ ಸೆಟ್ಟಿನಲ್ಲಿ ಒಂದು ಕಾರಣವಿದೆ. ಒಂದೇ ದೃಶ್ಯವನ್ನು ಮೂರು ನಾಲ್ಕು ಕೋನಗಳಿಂದ ತೆಗೆಯುವಾಗ ಒಂದು ಶಾಟಿನಲ್ಲಿ ಹಣೆಯ ಮೇಲಿದ್ದ ಸೆರಗು ಮುಂದಿನ ಶಾಟಿನಲ್ಲಿ ಕಿವಿಯ ಹಿಂದೆ ಇದ್ದರೆ ಎಡಿಟಿಂಗ್ ಟೇಬಲ್ಲಿನಲ್ಲಿ ಎರಡೂ ಕೂಡುವುದಿಲ್ಲ. ಇದನ್ನು ಕಂಟಿನ್ಯೂಟಿ ಎನ್ನುತ್ತಾರೆ, ಅದನ್ನು ಕಾಯುವುದು ಸಹಾಯಕನ ಹೊಣೆ. ಪಿನ್ ಹಾಕಿಸಿದರೆ ಸಹಾಯಕ ನೆಮ್ಮದಿಯಿಂದ ಊಟ ಮಾಡಬಹುದು. ಸೆರಗು ಜಾರಲಿ ಎಂದು ಬಿಡುವ ನಿರ್ದೇಶಕರು ಪ್ರತಿ ಶಾಟಿಗೂ ಅದು ಎಲ್ಲಿತ್ತೆಂದು ನೆನಪಿಡುವ ಉಪದ್ವ್ಯಾಪವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ.

ನಾನು ಬೆಂಗಳೂರಿನಲ್ಲಿ ಕೆಲವು ವರ್ಷ ಧಾರಾವಾಹಿಗಳಲ್ಲಿ ಸಹಾಯಕ ನಿರ್ದೇಶಕನಾಗಿ ದುಡಿದವನು. ವೈಶಾಲಿಯವರ ತಂಡದಲ್ಲಿ ಅಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ. ಮಾಸ್ತರರ ಪ್ರಶ್ನೆಗೆ ಉತ್ತರ ನನ್ನ ಪ್ರಕಾರ ಭಾಷೆಯಲ್ಲಿದೆ, ಆದರೆ ಹಾಳೆಯ ಮೇಲಿನ ಭಾಷೆಯಲ್ಲಿ ಅಲ್ಲ. ನಮ್ಮಲ್ಲಿ ಅನೇಕ ಕಲಾವಿದರು ಸಂಭಾಷಣೆಯನ್ನು ಬಾಯಿಪಾಠ ಮಾಡಿಕೊಂಡು ಬರುವುದಿಲ್ಲ, ಬರಲು ಸಮಯವೂ ಇರುವುದಿಲ್ಲ. ಹಾಳೆಗಳು ಸೆಟ್ಟಿಗೆ ಬರುವುದೇ ಬೆಳಿಗ್ಗೆ. ಆದ್ದರಿಂದ ಸಹಾಯಕನು ಕ್ಯಾಮೆರಾದ ಪಕ್ಕದಲ್ಲಿ ಕುಳಿತು ಸಾಲು ಸಾಲಾಗಿ ಓದಿಕೊಡುತ್ತಾನೆ, ನಟರು ಅದನ್ನು ಹಿಡಿದುಕೊಂಡು ಹೇಳುತ್ತಾರೆ. ಇದಕ್ಕೆ ಪ್ರಾಂಪ್ಟಿಂಗ್ ಎಂದು ಹೆಸರು. ಈಗ ಯೋಚಿಸಿ ನೋಡಿ: ಬರಹಗಾರನು ಧಾರವಾಡದ ಮಾತನ್ನು ಎಷ್ಟೇ ಚೆನ್ನಾಗಿ ಬರೆದಿರಲಿ, ಅದನ್ನು ಮೈಸೂರಿನ ಹುಡುಗನೊಬ್ಬ ತನ್ನ ಧಾಟಿಯಲ್ಲಿ ಓದಿಕೊಟ್ಟರೆ ನಟನ ಕಿವಿಗೆ ಬೀಳುವುದು ಆ ಧಾಟಿಯೇ. ಪದಗಳು ನಮ್ಮವು, ರಾಗ ಬೇರೆಯವರದು. ನಮ್ಮ ಕಡೆಯ ಮಾತನ್ನು ಪರದೆಯ ಮೇಲೆ ಕೇಳಿದಾಗ ಮೈ ಚುಳ್ಳೆನ್ನುವುದು ಬಹಳ ಸಲ ಇದೇ ಕಾರಣಕ್ಕೆ.

ಇದನ್ನು ತಡೆಯುವುದು ನಿರ್ದೇಶಕರಿಂದ ಮಾತ್ರ ಸಾಧ್ಯ. ಓದಿಕೊಡುವವನನ್ನು ಆರಿಸುವುದು, ಈ ಕಡೆಯ ರಂಗನಟರನ್ನು ಕರೆಸುವುದು, ಬೇರೆ ಕಡೆಯ ನಟಿಯಾದರೆ ಆಕೆ ಸಾಲಿನ ಕೊನೆಯನ್ನು ಎಲ್ಲಿ ಎಳೆಯಬೇಕು, ಎಲ್ಲಿ ನುಂಗಬೇಕು ಎಂದು ಹೇಳಿಕೊಡುವುದು, ಶಾಟು ಚೆನ್ನಾಗಿ ಬಂದಿದ್ದರೂ ಧಾಟಿ ತಪ್ಪಿದ್ದಕ್ಕೆ ಮತ್ತೊಮ್ಮೆ ತೆಗೆಯುವುದು. ಕಲಬುರಗಿಯಲ್ಲಿ ಹುಟ್ಟಿ, ರಂಗದ ಮೇಲೆ ಮಾತಾಡಿ ಪಳಗಿದವರಿಗೆ ಆ ಕಿವಿ ಇತ್ತು.

ದುರ್ಗದಬೈಲಿನ ಓದುಗ, ಹುಬ್ಬಳ್ಳಿ

ಎಲ್ಲರೂ ಹೊಗಳುತ್ತಿರುವಾಗ ಅಡ್ಡ ಮಾತಾಡುವುದು ನನ್ನ ದುರಭ್ಯಾಸ, ಕ್ಷಮೆ ಇರಲಿ. ‘ಉತ್ತರ ಕರ್ನಾಟಕದ ಭಾಷೆ’ ಎಂದು ನೀವು ಯಾವುದನ್ನು ಕರೆಯುತ್ತಿದ್ದೀರಿ? ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ‘ಮಾಡ್ಲಿಕತ್ತಾರ’ ಎನ್ನುತ್ತಾರೆ, ಗದುಗಿನ ಒಕ್ಕಲುತನದ ಮನೆಯಲ್ಲಿ ‘ಮಾಡಾಕತ್ತಾರ’ ಎನ್ನುತ್ತಾರೆ. ಒಬ್ಬರಿಗೆ ‘ಅದ’, ಇನ್ನೊಬ್ಬರಿಗೆ ‘ಐತಿ’. ಕಲಬುರಗಿಯ ಮಾತಿನಲ್ಲಿ ಉರ್ದುವಿನ ಸೊಗಡು ಬೇರೆ, ನಮ್ಮ ಮಾತಿನಲ್ಲಿ ಮರಾಠಿಯ ಸೊಗಡು ಬೇರೆ, ಹಾವೇರಿ ದಾಟಿ ರಾಣೆಬೆನ್ನೂರಿಗೆ ಹೋದರೆ ಧಾಟಿ ಆಗಲೇ ದಾವಣಗೆರೆಯ ಕಡೆಗೆ ವಾಲಿರುತ್ತದೆ. ಇದು ಕೇವಲ ಊರಿನ ಭೇದವಲ್ಲ, ಜಾತಿಯ ಭೇದವೂ ಹೌದು ಎಂಬುದನ್ನು ನಾವೆಲ್ಲ ಬಲ್ಲೆವು, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಧಾರಾವಾಹಿ ಇವನ್ನೆಲ್ಲ ಒಂದು ಮಾಡಿ ‘ಆ ಕಡೆಯ ಭಾಷೆ’ ಎಂದು ಮಾರಾಟಕ್ಕಿಡುತ್ತದೆ.

ಎರಡನೆಯದಾಗಿ, ಉತ್ತರ ಕರ್ನಾಟಕವೆಂದರೆ ದೊಡ್ಡ ಮನೆತನ, ತೊಲೆಬಾಗಿಲು, ಕೂಡುಕುಟುಂಬ ಎಂಬ ಚಿತ್ರ ಗಟ್ಟಿಯಾದದ್ದು ಇಂಥ ಕಥೆಗಳಿಂದಲೇ. ನಮ್ಮ ಊರು ಹತ್ತಿಯ ಪೇಟೆಯಿಂದ, ಜಿನ್ನಿಂಗ್ ಗಿರಣಿಗಳಿಂದ, ರೈಲ್ವೆ ವರ್ಕ್‌ಶಾಪಿನಿಂದ ಬೆಳೆದ ಊರು. ಆ ದುಡಿಯುವ ಜನ ಯಾವ ಧಾರಾವಾಹಿಯ ನಡುಮನೆಯಲ್ಲಿ ಕುಳಿತು ಮಾತಾಡಿದ್ದಾರೆ?

ಕೊನೆಯದಾಗಿ, ದಿನನಿತ್ಯದ ಧಾರಾವಾಹಿಯನ್ನು ನಿರ್ದೇಶಕರ ಕೃತಿ ಎಂದು ಕರೆಯುವುದೇ ಅತಿಯೆಂದು ನನಗೆ ತೋರುತ್ತದೆ. ಕಥೆ ಎತ್ತ ಹೋಗಬೇಕು ಎಂಬುದನ್ನು ಚಾನೆಲ್ಲು ಹೇಳುತ್ತದೆ, ಚಾನೆಲ್ಲಿಗೆ ಟಿಆರ್‌ಪಿ ಹೇಳುತ್ತದೆ.

ಸಪ್ತಾಪುರದ ಮಾಸ್ತರ, ಧಾರವಾಡ

ದುರ್ಗದಬೈಲಿನ ಸರ್ ಎತ್ತಿದ ಜಾತಿಭೇದದ ಮಾತನ್ನು ನಾನು ಒಪ್ಪುತ್ತೇನೆ, ಅದನ್ನು ಲೇಖನದಲ್ಲಿ ಸೇರಿಸಲು ವಿದ್ಯಾರ್ಥಿನಿಗೆ ಹೇಳುತ್ತೇನೆ ಕೂಡ. ಆದರೆ ಒಂದು ಹಿನ್ನೆಲೆಯನ್ನು ಮರೆಯಬಾರದು. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಆರಂಭವಾದಂದಿನಿಂದ ನಮ್ಮ ಮಾತಿಗೆ ಬಾನುಲಿಯಲ್ಲಿ ಜಾಗವಿತ್ತು. ಕಾದಂಬರಿಕಾರ ಎನ್ಕೆ ಕುಲಕರ್ಣಿ ಅಂಥವರು ಅಲ್ಲಿ ದುಡಿದರು, ರೇಡಿಯೋ ನಾಟಕಗಳಲ್ಲಿ ಅಳುವವರೂ ನಗುವವರೂ ನಮ್ಮ ಮಾತಿನಲ್ಲೇ ಅತ್ತು ನಕ್ಕರು. ಟಿವಿಯಲ್ಲಿ ಹಾಗಾಗಲಿಲ್ಲ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸಿದ 1975–76ರ ಉಪಗ್ರಹ ಬೋಧನಾ ಪ್ರಯೋಗದಲ್ಲಿ ರಾಜ್ಯದಿಂದ ವಿಜಯಪುರ, ಕಲಬುರಗಿ, ರಾಯಚೂರು ಭಾಗದ ಹಳ್ಳಿಗಳು ಸೇರಿದ್ದವು, 1977ರಲ್ಲಿ ಕಲಬುರಗಿಗೆ ದೂರದರ್ಶನ ಬಂತು. ಬೆಂಗಳೂರು ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ಟಿವಿ ನೋಡುವುದರಲ್ಲಿ ಉತ್ತರದವರು ಮೊದಲಿಗರು. ಆದರೆ ಟಿವಿ ಕಥೆ ತಯಾರಿಸುವ ಕೆಲಸ ಬೆಂಗಳೂರಿನಲ್ಲಿ ನೆಲೆಯಾಯಿತು.

ಟಿ. ಎನ್. ಸೀತಾರಾಮ್ ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಂದಿಗೆ ದೂರದರ್ಶನಕ್ಕೆ ಮಾಡಿದ ‘ಮಾಯಾಮೃಗ’ 1998ರಲ್ಲಿ ದಿನನಿತ್ಯದ ಧಾರಾವಾಹಿಗೆ ಓದುವ ಜನರನ್ನು ಕರೆತಂದಿತು. ಅದರ ಮಾತು ದಕ್ಷಿಣದ ಮಧ್ಯಮ ವರ್ಗದ್ದು, ಇದು ದೂರಲ್ಲ. ಈಟಿವಿ ಕನ್ನಡ 2000ದ ಡಿಸೆಂಬರಿನಲ್ಲಿ ಬಂತು. ಗಿರೀಶ ಕಾಸರವಳ್ಳಿಯವರು ಭೈರಪ್ಪನವರ ‘ಗೃಹಭಂಗ’ವನ್ನು ಧಾರಾವಾಹಿ ಮಾಡಿದ್ದು ಆ ಚಾನೆಲ್ಲಿಗೇ, ಅಲ್ಲಿಯೂ ಹಳೆ ಮೈಸೂರಿನ ಹಳ್ಳಿಯ ಮಾತಿದೆ. ಈ ಸಾಲಿನಲ್ಲಿ ಉತ್ತರದ ಮಾತನ್ನು ಕಥೆಯ ಒಳಮನೆಗೆ ತಂದವರು ವೈಶಾಲಿ. ಆ ಮಾತು ಎಲ್ಲ ಜಾತಿಗಳದ್ದೂ ಆಗಿರಲಿಲ್ಲ ಎಂಬುದು ಸರಿ. ಹಾಗೆಂದು ಬಾಗಿಲು ತೆಗೆದವರ ಶ್ರಮ ಇಲ್ಲವಾಗುವುದಿಲ್ಲ.

ನವಲಗುಂದದ ಓದುಗಿ

ಮಾಲ್ಗುಡಿಯ ವಿಷಯ ಬಂದದ್ದರಿಂದ ಒಂದು ಮಾತು. ಆರ್. ಕೆ. ನಾರಾಯಣ್ ಅವರ ಮಾಲ್ಗುಡಿ ನಕಾಶೆಯಲ್ಲಿಲ್ಲದ ಊರು. ಶಂಕರ್ ನಾಗ್ ಅದನ್ನು ಮಲೆನಾಡಿನ ಆಗುಂಬೆಯಲ್ಲಿ ಕಟ್ಟಿದರು, ಪಾತ್ರಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತಾಡಿದವು, ಆದರೂ ದೇಶಕ್ಕೆ ದೇಶವೇ ನಂಬಿತು. ನಂಬಿಸಿದ್ದು ಮನೆಯ ಒಳಗಿನ ನಡವಳಿಕೆ. ಗಿರೀಶ ಕಾರ್ನಾಡರು ಮಾಡಿದ ತಂದೆ ಬಾಗಿಲಲ್ಲಿ ಕಾಣಿಸಿದರೆ ಮಗ ಬೇರೆ, ತಾಯಿಯ ಹತ್ತಿರ ಅದೇ ಮಗ ಬೇರೆ. ವೈಶಾಲಿಯವರ ಆ ತಾಯಿಗೆ ಉದ್ದುದ್ದ ಮಾತುಗಳಿಲ್ಲ. ಮಗನಿಗೂ ಗಂಡನಿಗೂ ನಡುವೆ ನಿಂತು ಇಬ್ಬರನ್ನೂ ಸಂಭಾಳಿಸುವ ಕಣ್ಣೋಟವೇ ಹೆಚ್ಚು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಅದನ್ನು ಗದ್ದಲವಿಲ್ಲದೆ ಹಿಡಿಯಿತು. ದುರ್ಗದಬೈಲಿನ ಅಣ್ಣಾವರು ಕೇಳುವ ಊರಿನ ಖಚಿತತೆ ಅಲ್ಲಿ ಇಲ್ಲವೇ ಇಲ್ಲ. ಮನೆಯ ಖಚಿತತೆ ಇದೆ. ಧಾರಾವಾಹಿಗೆ ಎರಡನೆಯದೇ ಮುಖ್ಯವೆಂದು ನನಗೆ ಅನ್ನಿಸುತ್ತದೆ.

ದುರ್ಗದಬೈಲಿನ ಓದುಗ, ಹುಬ್ಬಳ್ಳಿ

ಮಾಲ್ಗುಡಿ ಕಲ್ಪನೆಯ ಊರು ಎಂದು ಮೊದಲೇ ಹೇಳಿಕೊಂಡ ಕಥೆ. ಅದನ್ನು ಯಾರೂ ತಮ್ಮ ಪ್ರದೇಶದ ಪ್ರತಿನಿಧಿ ಎಂದು ಎತ್ತಿ ಆಡಲಿಲ್ಲ. ‘ಮೂಡಲಮನೆ’ಯನ್ನು ನೀವು ‘ನಮ್ಮ ಮಾತು’ ಎಂದು ಎತ್ತಿ ಆಡುತ್ತಿದ್ದೀರಿ, ಆದ್ದರಿಂದ ‘ನಮ್ಮ’ ಎಂದರೆ ಯಾರು ಎಂದು ಕೇಳುವ ಹಕ್ಕು ನನಗೆ ಬರುತ್ತದೆ. ಅಮ್ಮಾವರ ಮಿಕ್ಕ ಮಾತು ಒಪ್ಪಿಗೆ.

ಮಾಜಿ ಸಹಾಯಕ, ಹಾವೇರಿ

ದಿನನಿತ್ಯದ ಧಾರಾವಾಹಿ ನಿರ್ದೇಶಕರ ಕೃತಿಯೇ ಅಲ್ಲ ಎಂಬುದಕ್ಕೆ ಮಾತ್ರ ನನ್ನ ತಕರಾರಿದೆ. ಅರ್ಧ ಗಂಟೆಯ ಹೊತ್ತಿನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಸುಮಾರು 22 ನಿಮಿಷ. ಸೋಮವಾರದಿಂದ ಶುಕ್ರವಾರಕ್ಕೆ ಐದು ಸಂಚಿಕೆಯಾದರೆ 110 ನಿಮಿಷ, ಅಂದರೆ ವಾರಕ್ಕೊಂದು ಸಣ್ಣ ಸಿನಿಮಾ. ಪ್ರಸಾರಕ್ಕಿಂತ ಕೆಲವು ಸಂಚಿಕೆ ಮುಂದೆ ಇದ್ದರೆ ಅದನ್ನು ಬ್ಯಾಂಕ್ ಎನ್ನುತ್ತಾರೆ. ಒಬ್ಬ ನಟನಿಗೆ ಜ್ವರ ಬಂದರೆ, ಒಂದು ದಿನ ಮಳೆ ಹಿಡಿದರೆ ಆ ಬ್ಯಾಂಕ್ ಕರಗುತ್ತದೆ. ಅದು ಕರಗಿದ ದಿನ ಸೆಟ್ಟಿನಲ್ಲಿ ಏನಾಗುತ್ತದೆ ಎಂಬುದರಲ್ಲೇ ನಿರ್ದೇಶಕರು ಯಾರೆಂದು ತಿಳಿಯುತ್ತದೆ. ಕೆಲವರು ಪಾತ್ರಗಳನ್ನು ಸೋಫಾದ ಮೇಲೆ ಸಾಲಾಗಿ ಕೂಡಿಸಿ, ಒಬ್ಬೊಬ್ಬರ ಮುಖವನ್ನು ಬೇರೆ ಬೇರೆ ತೆಗೆದು, ಮಾತು ಮುಗಿದ ಮೇಲೂ ಪ್ರತಿ ಮುಖದ ಮೇಲೆ ಮೂರು ಸಲ ಗುಡುಗು ಹೊಡೆಸುತ್ತಾರೆ. ನಿಮಿಷ ತುಂಬುತ್ತದೆ. ಕಥೆ ಎತ್ತ ಹೋಗಬೇಕೆಂದು ಚಾನೆಲ್ಲು ಹೇಳಬಹುದು. ಆದರೆ ಸೊಸೆ ಆ ಮಾತನ್ನು ಕುಳಿತು ಹೇಳಬೇಕೋ, ಕಾಳು ಹಸನು ಮಾಡುತ್ತ ಮೊರದ ಮೇಲಿನ ಕಣ್ಣನ್ನು ಎತ್ತದೆ ಹೇಳಬೇಕೋ ಎಂಬುದನ್ನು ಯಾವ ಚಾನೆಲ್ಲೂ ಹೇಳುವುದಿಲ್ಲ.

ಇನ್ನೊಂದು ಸಂಗತಿ. ಈ ಕಡೆಯ ರಂಗನಟರು ಕ್ಯಾಮೆರಾದ ಮುಂದೆ ಬಂದಾಗ ಆಗುವ ತೊಂದರೆ ನಾನು ಕಣ್ಣಾರೆ ಕಂಡದ್ದು. ಕಂಪನಿ ನಾಟಕದಲ್ಲಿ ಪಳಗಿದವರು ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸುವಂತೆ ಮಾತಾಡುತ್ತಾರೆ, ಕೈಯನ್ನು ಭುಜದಿಂದ ಎತ್ತುತ್ತಾರೆ. ಕ್ಲೋಸಪ್ಪಿನಲ್ಲಿ ಅದು ಜಗಳದಂತೆ ಕಾಣುತ್ತದೆ. ಹಿರಿಯ ಕಲಾವಿದರೊಬ್ಬರಿಗೆ ‘ಯಜಮಾನರ, ಸ್ವಲ್ಪ ಸಣ್ಣಗೆ ಮಾಡ್ರಿ’ ಎಂದು ನಾನು ಹೇಳಿದ್ದಕ್ಕೆ ಅವರು ದಿನವಿಡೀ ಮುನಿಸಿಕೊಂಡರು. ಅವರ ಧ್ವನಿಯನ್ನು ಇಳಿಸಬೇಕು, ಆದರೆ ಅದರೊಳಗಿನ ಕಸುವನ್ನು ಕೆಡಿಸಬಾರದು. ತಾನೂ ರಂಗದ ಮೇಲೆ ನಿಂತ ನಿರ್ದೇಶಕಿಗೆ ಇದು ಬೇಗ ತಿಳಿಯುತ್ತದೆ. ನಟನೆಯಿಂದ ಬಂದದ್ದನ್ನು ವೈಶಾಲಿಯವರ ಹಳೆಯ ಅಧ್ಯಾಯವೆಂದು ಓದಬಾರದು, ಅವರ ಸಲಕರಣೆ ಎಂದು ಓದಬೇಕು.

ಸೀರೆ ಅಂಗಡಿಯವರು, ಬೆಟಗೇರಿ

ನಮ್ಮಲ್ಲಿ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಉಂಟು, ಧಾರಾವಾಹಿ ಆ ಪಟ್ಟಿಯಲ್ಲಿ ಬರುವುದಿಲ್ಲ. ವರ್ಷಾನುಗಟ್ಟಲೆ ಮನೆಯೊಳಗೆ ಕಥೆ ಹೇಳಿದವರ ಹೆಸರಿನ ಮುಂದೆ ಒಂದು ಚಿತ್ರದ ಬಟ್ಟೆಗೆ ಬಂದ ಪ್ರಶಸ್ತಿಯೇ ಉಳಿಯುವುದಕ್ಕೆ ಅದೂ ಒಂದು ಕಾರಣ. ಪತ್ನಿ ಎಂಬ ಗುರುತು ಮೊದಲು ಬರುವುದಕ್ಕೆ ಕಾರಣ ಬೇರೆ, ಅದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಮಗಳು ಅನನ್ಯಾ ಅವರೂ ನಿರ್ದೇಶಕಿ. 2016ರ ‘ಹರಿಕಥಾ ಪ್ರಸಂಗ’ ಯಕ್ಷಗಾನದ ಸ್ತ್ರೀವೇಷಧಾರಿಯ ಕಥೆ. ಉಟ್ಟ ಬಟ್ಟೆಗೂ ಮನುಷ್ಯನ ಒಳಗಿಗೂ ಇರುವ ನಂಟು ಅಲ್ಲಿಯೂ ಇದೆ. ಲೇಖನ ಬರೆದ ಹುಡುಗಿ ಅದನ್ನೂ ನೋಡಲಿ.

ಸಪ್ತಾಪುರದ ಮಾಸ್ತರ, ಧಾರವಾಡ

ಎಲ್ಲರಿಗೂ ಧನ್ಯವಾದಗಳು. ವಿದ್ಯಾರ್ಥಿನಿಗೆ ಲೇಖನದ ಅರ್ಧವನ್ನು ನಿರ್ದೇಶನಕ್ಕೇ ಇಡಲು ಹೇಳಿದ್ದೇನೆ. ‘ಮೂಡಲಮನೆ’ಯಲ್ಲಿ ದುಡಿದ ಕಲಾವಿದರು, ತಂತ್ರಜ್ಞರು ಸಿಕ್ಕರೆ ಸೆಟ್ಟಿನಲ್ಲಿ ಸಾಲುಗಳನ್ನು ಓದಿಕೊಡುತ್ತಿದ್ದವರು ಯಾವ ಕಡೆಯವರು, ಧಾಟಿ ತಪ್ಪಿದಾಗ ನಿರ್ದೇಶಕಿ ಏನು ಮಾಡುತ್ತಿದ್ದರು, ಬಟ್ಟೆಗಳನ್ನು ಎಲ್ಲಿಂದ ತರಿಸುತ್ತಿದ್ದರು ಎಂದು ಕೇಳಬೇಕೆಂದು ಬರೆದುಕೊಟ್ಟಿದ್ದೇನೆ.

ದುರ್ಗದಬೈಲಿನ ಓದುಗ, ಹುಬ್ಬಳ್ಳಿ

ಇನ್ನೊಂದನ್ನು ಸೇರಿಸಿಕೊಡಿ ಮಾಸ್ತರರೆ. ಆ ಮನೆಯಲ್ಲಿ ಆಳುಕಾಳುಗಳ ಪಾತ್ರಗಳಿಗೆ ಸಂಭಾಷಣೆ ಬರೆದವರು ಯಾರು, ಅವರಿಗೆ ‘ಐತಿ’ ಕೊಟ್ಟರೋ ‘ಅದ’ ಕೊಟ್ಟರೋ, ಹಾಗೆ ಮಾಡಬೇಕೆಂದು ನಿರ್ಧರಿಸಿದವರು ನಿರ್ದೇಶಕಿಯೋ ಬರಹಗಾರರೋ. ಇದಕ್ಕೆ ಉತ್ತರ ಸಿಕ್ಕರೆ ನನ್ನ ಅರ್ಧ ಜಗಳ ಮುಗಿಯುತ್ತದೆ.